ಮೈಸೂರಿನ ಪುರಾತನ ಬಂದೂಕುಗಳ ಅಸಲಿತನ ಪರೀಕ್ಷೆ

ಮೈಸೂರಿನ ಪುರಾತನ ಬಂದೂಕುಗಳ ಅಸಲಿತನ ಪರೀಕ್ಷೆ ಎಂದರೆ, ಹದಿನೆಂಟನೆಯ ಶತಮಾನದ ಮೈಸೂರು ರಾಜ್ಯದ್ದು, ವಿಶೇಷವಾಗಿ ಟಿಪ್ಪು ಸುಲ್ತಾನನ ಆಯುಧಶಾಲೆಯದು, ಎಂದು ಹೇಳಲಾಗುವ ಬಂದೂಕು ಅಥವಾ ಪಿಸ್ತೂಲು ನಿಜಕ್ಕೂ ಆ ಕಾಲದ್ದೇ, ಆ ನಾಡಿನದೇ ಎಂಬುದನ್ನು ತಯಾರಿಕೆಯ ಲಕ್ಷಣ, ಬರಹ, ಮುದ್ರೆ ಹಾಗೂ ಒಡೆತನದ ದಾಖಲೆಗಳ ಆಧಾರದ ಮೇಲೆ ನಿರ್ಧರಿಸುವ ಕ್ರಮವಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡ ಬಳಿಕ ಅಲ್ಲಿನ ಆಯುಧಗಳು ಬ್ರಿಟಿಷ್ ಸೇನೆಯ ಕೈಸೇರಿ ಚದುರಿಹೋದವು. ಅವುಗಳಲ್ಲಿ ಕೆಲವು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಮತ್ತೆ ಕೆಲವು ಖಾಸಗಿ ಸಂಗ್ರಹಗಳಲ್ಲಿದ್ದು ಆಗಾಗ ಹರಾಜಿಗೆ ಬರುತ್ತವೆ. ಟಿಪ್ಪುವಿನ ಹೆಸರು ಅಂಟಿದೊಡನೆ ಆಯುಧದ ಬೆಲೆ ಹಲವು ಪಟ್ಟು ಏರುವುದರಿಂದ ತಪ್ಪು ಗುರುತಿಸುವಿಕೆಗೂ ಬೇಕೆಂದೇ ಮಾಡುವ ನಕಲಿಗೂ ಈ ಕ್ಷೇತ್ರದಲ್ಲಿ ಅವಕಾಶ ಹೆಚ್ಚು.

ಬನ್ನಿಮಂಟಪ ಮತ್ತು ಆಯುಧ ಗುರುತಿಸುವ ಪರಂಪರೆ

ಮೈಸೂರು ನಗರದ ಬನ್ನಿಮಂಟಪವು ದಸರಾ ಮಹೋತ್ಸವದ ಜಂಬೂಸವಾರಿ ತಲುಪುವ ಸ್ಥಳ. ಮಹಾನವಮಿಯಂದು ಅರಮನೆಯಲ್ಲಿ ಆಯುಧಪೂಜೆ ನಡೆಯುತ್ತದೆ. ವಿಜಯದಶಮಿಯಂದು ಅರಮನೆಯಿಂದ ಹೊರಟ ಮೆರವಣಿಗೆ ಬನ್ನಿಮಂಟಪಕ್ಕೆ ಬರುತ್ತದೆ. ಅಂದು ಸಂಜೆ ಅಲ್ಲಿನ ಮೈದಾನದಲ್ಲಿ ಪಂಜಿನ ಕವಾಯತು ಜರುಗುತ್ತದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ, ಅಂದರೆ ಬನ್ನಿಮರದಲ್ಲಿ, ಅಡಗಿಸಿಟ್ಟಿದ್ದರೆಂಬ ಮಹಾಭಾರತದ ಕಥೆಯೇ ಈ ಆಚರಣೆಯ ಹಿನ್ನೆಲೆ.

ಆ ಕಥೆಯ ಒಂದು ಭಾಗ ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ವಿರಾಟಪರ್ವದಲ್ಲಿ ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನ ಮಾತಿನಂತೆ ಉತ್ತರಕುಮಾರನು ಮರವನ್ನೇರಿ ಗಂಟನ್ನು ಬಿಚ್ಚುತ್ತಾನೆ. ಪ್ರತಿಯೊಂದು ಬಿಲ್ಲು ಮತ್ತು ಖಡ್ಗದ ಮೇಲಿನ ಅಲಂಕಾರವನ್ನು ವರ್ಣಿಸಿ ಅದು ಯಾರದೆಂದು ಕೇಳುತ್ತಾನೆ. ಚಿನ್ನದ ಆನೆಗಳುಳ್ಳ ಬಿಲ್ಲು ಭೀಮನದು, ಇಂದ್ರಗೋಪ ಹುಳುಗಳ ಚಿತ್ರವುಳ್ಳದ್ದು ಯುಧಿಷ್ಠಿರನದು ಎಂಬಂತೆ ಅರ್ಜುನನು ಒಂದೊಂದಕ್ಕೂ ಉತ್ತರ ಹೇಳುತ್ತಾನೆ. ಗುರುತನ್ನು ಕಂಡು ಒಡೆಯನನ್ನು ಹೆಸರಿಸುವ ಈ ವಿಧಾನವೇ ಇಂದಿನ ಆಯುಧ ಪರೀಕ್ಷೆಯ ಮೊದಲ ಹೆಜ್ಜೆ. ಆದರೆ ಅರ್ಜುನನು ಆ ಆಯುಧಗಳನ್ನು ಸ್ವತಃ ಬಲ್ಲವನಾಗಿದ್ದನು. ಇಂದಿನ ಪರೀಕ್ಷಕನಿಗೆ ಅಂತಹ ಸಾಕ್ಷಿ ದೊರೆಯದು; ಗುರುತನ್ನು ಯಾರು, ಯಾವಾಗ ಕೆತ್ತಿದರು ಎಂಬುದನ್ನೂ ಅವನು ಪ್ರಶ್ನಿಸಬೇಕಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಟಿಪ್ಪು ಸುಲ್ತಾನನು 1782ರಿಂದ 1799ರವರೆಗೆ ಆಳಿದನು. ಅವನ ಕಾಲದಲ್ಲಿ ಶ್ರೀರಂಗಪಟ್ಟಣ, ನಗರ (ಬಿದನೂರು), ಬೆಂಗಳೂರು ಮತ್ತು ಚಿತ್ರದುರ್ಗಗಳಲ್ಲಿ ಆಯುಧ ತಯಾರಿಕೆ ನಡೆಯುತ್ತಿತ್ತು. 1787–88ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ಕಳುಹಿಸಿದ ರಾಯಭಾರದ ಉದ್ದೇಶಗಳಲ್ಲಿ ಕುಶಲಕರ್ಮಿಗಳನ್ನು ಕರೆತರುವುದೂ ಒಂದಾಗಿತ್ತು. ಯುರೋಪಿನ ಚಕಮಕಿ ಬಂದೂಕಿನ ಯಂತ್ರರಚನೆಯನ್ನು ಸ್ಥಳೀಯ ಕಮ್ಮಾರರು ಅಳವಡಿಸಿಕೊಂಡು, ಅದಕ್ಕೆ ಮೈಸೂರಿನದೇ ಆದ ಅಲಂಕಾರವನ್ನು ಸೇರಿಸಿದರು.

ಪಟ್ಟಣ ಬಿದ್ದಾಗ ಬ್ರಿಟಿಷರಿಗೆ 900ಕ್ಕೂ ಹೆಚ್ಚು ಫಿರಂಗಿಗಳೂ ಅಪಾರ ಸಂಖ್ಯೆಯ ಬಂದೂಕುಗಳೂ ದೊರೆತವು. ಪತನದ ರಾತ್ರಿ ಸೈನಿಕರು ಮನಬಂದಂತೆ ಲೂಟಿ ಮಾಡಿದರು. ಆ ಬಳಿಕ ಅಧಿಕೃತ ಸಮಿತಿಯೊಂದು ಉಳಿದ ಸಂಪತ್ತನ್ನು ಹಂಚಿತು. ಹೀಗಾಗಿ ಒಂದೇ ಆಯುಧಶಾಲೆಯ ವಸ್ತುಗಳಲ್ಲಿ ಕೆಲವಕ್ಕೆ ದಾಖಲೆಯಿದ್ದು, ಉಳಿದವಕ್ಕೆ ಮೊದಲ ದಿನದಿಂದಲೇ ದಾಖಲೆಯಿಲ್ಲ. ಈ ಬಂದೂಕುಗಳ ಕುರಿತ ಮುಖ್ಯ ಅಧ್ಯಯನವೆಂದರೆ ರಾಬಿನ್ ವಿಗಿಂಗ್‌ಟನ್ 1992ರಲ್ಲಿ ಪ್ರಕಟಿಸಿದ 'ದಿ ಫೈರ್‌ಆರ್ಮ್ಸ್ ಆಫ್ ಟಿಪ್ಪು ಸುಲ್ತಾನ್' ಎಂಬ ಗ್ರಂಥ.

ಹೇಳಿಕೆಯ ನಾಲ್ಕು ಹಂತಗಳು

"ಇದು ಟಿಪ್ಪುವಿನ ಬಂದೂಕು" ಎಂಬ ಒಂದೇ ವಾಕ್ಯದಲ್ಲಿ ನಾಲ್ಕು ಬೇರೆ ಬೇರೆ ಹೇಳಿಕೆಗಳು ಅಡಗಿರುತ್ತವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಆಧಾರ ಬೇಕು.

1. ಬಂದೂಕು ಹದಿನೆಂಟನೆಯ ಶತಮಾನದ ಕೊನೆಯದು. ಇದನ್ನು ಯಂತ್ರರಚನೆ ಮತ್ತು ಲೋಹದ ಕೆಲಸದಿಂದ ತಿಳಿಯಬಹುದು.
2. ಅದು ಮೈಸೂರು ರಾಜ್ಯದಲ್ಲಿ ತಯಾರಾದುದು. ಇದಕ್ಕೆ ಬರಹ, ಸ್ಥಳನಾಮ ಮತ್ತು ಶೈಲಿ ಆಧಾರ.
3. ಅದು ರಾಜ್ಯದ ಅಥವಾ ಅರಸನ ಆಯುಧಶಾಲೆಗೆ ಸೇರಿತ್ತು. ಇದಕ್ಕೆ ಮುದ್ರೆ, ಇಸವಿ ಮತ್ತು ಅಲಂಕಾರದ ಮಟ್ಟ ಆಧಾರ.
4. ಟಿಪ್ಪು ಅದನ್ನು ಸ್ವತಃ ಬಳಸಿದ್ದನು. ಇದನ್ನು ವಸ್ತುವೊಂದರಿಂದಲೇ ಸಾಧಿಸಲಾಗದು. ಸಮಕಾಲೀನ ದಾಖಲೆ ಬೇಕೇ ಬೇಕು.

ಮೊದಲ ಮೂರು ಹಂತ ಸಾಬೀತಾದ ಮಾತ್ರಕ್ಕೆ ನಾಲ್ಕನೆಯದು ತಾನಾಗಿ ಸಾಬೀತಾಗುವುದಿಲ್ಲ. ಈ ಕ್ಷೇತ್ರದ ಹೆಚ್ಚಿನ ತಪ್ಪುಗಳು ನಕಲಿ ವಸ್ತುವಿನಿಂದ ಹುಟ್ಟುವುದಕ್ಕಿಂತ, ಅಸಲಿ ವಸ್ತುವಿಗೆ ಒಂದು ಹಂತ ಮೇಲಿನ ಹೇಳಿಕೆಯನ್ನು ಹೊರಿಸುವುದರಿಂದ ಹುಟ್ಟುತ್ತವೆ.

ಬರಹ ಮತ್ತು ಇಸವಿಯ ಪರೀಕ್ಷೆ

ಅರಮನೆ ದರ್ಜೆಯ ಬಂದೂಕುಗಳಲ್ಲಿ ಪರ್ಷಿಯನ್ ಲಿಪಿಯ ಬರಹಗಳಿರುತ್ತವೆ. ತಯಾರಕನ ಹೆಸರು, ತಯಾರಾದ ಸ್ಥಳ ಮತ್ತು ಇಸವಿ ಅವುಗಳಲ್ಲಿ ಕಾಣಸಿಗುತ್ತವೆ. ಶ್ರೀರಂಗಪಟ್ಟಣವನ್ನು 'ಪಟ್ಟಣ' ಎಂದಷ್ಟೇ ಬರೆಯುವುದು ವಾಡಿಕೆ. ಸಯ್ಯದ್ ಮಾಸೂಮ್, ಅಸದ್ ಖಾನ್ ಮುಹಮ್ಮದ್ ಮುಂತಾದ ಕುಶಲಕರ್ಮಿಗಳ ಹೆಸರುಗಳು ಉಳಿದು ಬಂದಿವೆ. 'ಹೈದರ್' ಎಂಬ ಪದದ ಅಕ್ಷರಗಳನ್ನೊಳಗೊಂಡ ಮುದ್ರೆಯನ್ನೂ ಹಲವು ನಳಿಕೆಗಳ ಮೇಲೆ ಒತ್ತಲಾಗಿದೆ.

ಇವುಗಳಲ್ಲಿ ನಕಲಿಯನ್ನು ಬಯಲಿಗೆಳೆಯುವ ಶಕ್ತಿ ಹೆಚ್ಚಾಗಿರುವುದು ಇಸವಿಗೆ. ಟಿಪ್ಪು ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಹಿಜರಿ ಶಕೆಯ ಸಂಖ್ಯೆಯನ್ನು ಬಳಸುತ್ತಿದ್ದನು. 1787ರ ಸುಮಾರಿಗೆ ಅದನ್ನು ಕೈಬಿಟ್ಟು, ಪ್ರವಾದಿಯವರ ಜನನದಿಂದ ಎಣಿಸುವ 'ಮೌಲೂದಿ' ಶಕೆಯನ್ನು ಜಾರಿಗೆ ತಂದನು. ಈ ಪಂಚಾಂಗ ಚಾಂದ್ರಸೌರಮಾನದ್ದಾಗಿದ್ದು, ನಮ್ಮ ಅರವತ್ತು ಸಂವತ್ಸರಗಳಂತೆಯೇ ಅರವತ್ತು ವರ್ಷಗಳ ಚಕ್ರವನ್ನು ಹೊಂದಿತ್ತು. ಅವನ ನಾಣ್ಯಗಳಲ್ಲಿ ಹಿಜರಿ 1201ರ ನಂತರ ನೇರವಾಗಿ ಮೌಲೂದಿ 1215 ಕಾಣಿಸಿಕೊಳ್ಳುತ್ತದೆ, ಕೊನೆಯದು 1227. ಇದಲ್ಲದೆ ಹೊಸ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗುತ್ತಿತ್ತು. ಅರಬ್ಬಿ-ಪರ್ಷಿಯನ್ ಲಿಪಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳು ಸಾಮಾನ್ಯವಾಗಿ ಎಡದಿಂದ ಬಲಕ್ಕೇ ಸಾಗುತ್ತವೆ. ಮೈಸೂರಿನ ಪದ್ಧತಿ ಇದಕ್ಕೆ ಹೊರತಾಗಿದೆ.

ಇದರಿಂದ ಪರೀಕ್ಷಕನಿಗೆ ದೊರೆಯುವ ಸೂಚನೆಗಳು ಹೀಗಿವೆ:

- ಬಂದೂಕಿನ ಮೇಲೆ 1222 ಎಂಬ ವರ್ಷವಿದ್ದರೆ, ರೂಢಿಯಂತೆ ಎಡದಿಂದ ಓದುವವನಿಗೆ ಅದು 2221 ಎಂದು ಕಾಣುತ್ತದೆ. ಇದು ದೋಷವಲ್ಲ, ಬದಲಾಗಿ ಅಸಲಿತನದ ಪರವಾದ ಲಕ್ಷಣ.
- ಅದನ್ನೇ 1222 ಎಂದು ಸರಿಯಾಗಿ ಓದಿ ಹಿಜರಿ ಎಂದು ಭಾವಿಸಿದರೆ ಕ್ರಿ.ಶ. 1807 ಬರುತ್ತದೆ. ಆ ವೇಳೆಗೆ ಟಿಪ್ಪು ಮರಣಹೊಂದಿ ಎಂಟು ವರ್ಷಗಳಾಗಿದ್ದವು. ಮೌಲೂದಿ ಎಂದು ಎಣಿಸಿದರೆ 1790ರ ದಶಕದ ಮಧ್ಯಭಾಗ ಬರುತ್ತದೆ. ಶಕೆಯನ್ನು ತಿಳಿಯದೆ ಅಸಲಿ ಬಂದೂಕನ್ನು ನಕಲಿಯೆಂದು ತಳ್ಳಿಹಾಕುವ ಅಪಾಯ ಇಲ್ಲಿದೆ.
- 1202ರಿಂದ 1214ರವರೆಗಿನ ವರ್ಷವನ್ನು ಹೊತ್ತ ಬಂದೂಕನ್ನು ಸಂಶಯದಿಂದ ನೋಡಬೇಕು. ಹಿಜರಿ ಎಂದರೆ, ಆ ವರ್ಷಗಳು ಬರುವ ಮೊದಲೇ ರಾಜ್ಯ ಆ ಎಣಿಕೆಯನ್ನು ಬಿಟ್ಟಿತ್ತು. ಮೌಲೂದಿ ಎಂದರೆ, ಆ ವರ್ಷಗಳು ಕಳೆದ ಮೇಲೆಯೇ ಈ ಶಕೆ ಜಾರಿಗೆ ಬಂದಿತು.
- 1221 ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಲ್ಪಡುವುದರಿಂದ, ಅಂಕಿಗಳ ದಿಕ್ಕನ್ನು ಆಧರಿಸಿದ ಪರೀಕ್ಷೆ ಆ ವರ್ಷಕ್ಕೆ ಅನ್ವಯಿಸದು.

ಬುಬ್ರಿ ವಿನ್ಯಾಸ

ಹುಲಿಯ ಮೈಮೇಲಿನ ಪಟ್ಟೆಯನ್ನು ಹೋಲುವ 'ಬುಬ್ರಿ' ಅಥವಾ 'ಬಬ್ರಿ' ವಿನ್ಯಾಸವು ಟಿಪ್ಪುವಿನ ರಾಜ್ಯದ ಅತ್ಯಂತ ಪರಿಚಿತ ಗುರುತು. ಸೈನಿಕರ ಉಡುಪು, ಕತ್ತಿ, ಬಂದೂಕು, ಫಿರಂಗಿಗಳಲ್ಲಿ ಇದು ಕಾಣಸಿಗುತ್ತದೆ. ಶ್ರೀರಂಗಪಟ್ಟಣದ ಗುಂಬಜಿನ ಒಳಗೋಡೆಗಳಲ್ಲಿಯೂ ಹುಲಿಪಟ್ಟೆಯ ಚಿತ್ರಣವಿದೆ. ಬಂದೂಕುಗಳಲ್ಲಿ ಚಕಮಕಿ ಕಲ್ಲನ್ನು ಹಿಡಿಯುವ ಕುದುರೆಯನ್ನೇ ಹುಲಿಯ ರೂಪದಲ್ಲಿ ಮಾಡಿರುವುದುಂಟು. 'ದೇವರ ಸಿಂಹವೇ ವಿಜಯಿ' ಎಂಬರ್ಥದ ಅರಬ್ಬಿ ಅಕ್ಷರಗಳನ್ನು ಹುಲಿಮುಖದ ಆಕಾರದಲ್ಲಿ ಹೆಣೆದ ಲಾಂಛನವೂ ಪ್ರಸಿದ್ಧವಾಗಿದೆ.

ಎಲ್ಲರಿಗೂ ಪರಿಚಿತವಾದ ಗುರುತು ಎಂಬ ಕಾರಣದಿಂದಲೇ ಬುಬ್ರಿಯು ನಕಲಿಗಾರರಿಗೆ ಪ್ರಿಯವಾದದ್ದು. ಸಾಧಾರಣ ದೇಶೀ ಬಂದೂಕಿನ ಮೇಲೆ ನಂತರ ಪಟ್ಟೆಗಳನ್ನು ಕೆತ್ತಿದರೆ ಅದರ ಬೆಲೆ ಬದಲಾಗುತ್ತದೆ. ಆದುದರಿಂದ ಪಟ್ಟೆ ಇದೆಯೇ ಎಂಬುದಕ್ಕಿಂತ, ಅದು ಲೋಹದೊಡನೆ ಹೇಗೆ ಬೆರೆತಿದೆ ಎಂಬುದು ಮುಖ್ಯ. ಹಳೆಯ ಕೆತ್ತನೆಯ ಅಂಚುಗಳು ಕೈ ತಾಗಿ ತಾಗಿ ಮೊಂಡಾಗಿರುತ್ತವೆ; ಸುತ್ತಲಿನ ಮೇಲ್ಮೈಯಲ್ಲಿರುವ ಕಪ್ಪು ಪೊರೆ ಕೆತ್ತನೆಯ ತಳದಲ್ಲಿಯೂ ಇರುತ್ತದೆ. ಹೊಸ ಕೆತ್ತನೆಯು ಆ ಪೊರೆಯನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಚಿನ್ನ ಬೆಳ್ಳಿಯ ಕುಸುರಿ ಹೆಚ್ಚು ಬಳಕೆಯ ಜಾಗದಲ್ಲಿ ಸವೆದು, ಮೂಲೆಗಳಲ್ಲಿ ಉಳಿದಿರಬೇಕು. ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಸವೆದಿದ್ದರೆ ಅದು ಉಜ್ಜಿ ತರಿಸಿದ ಹಳತನವಾಗಿರುವ ಸಾಧ್ಯತೆಯಿದೆ.

ಯಂತ್ರಭಾಗ, ನಳಿಕೆ ಮತ್ತು ಮರ

ಲಾಕ್: ಟಿಪ್ಪುವಿನ ಕಾಲದ ಬಂದೂಕು ಬತ್ತಿಯಿಂದ ಅಥವಾ ಚಕಮಕಿಯಿಂದ ಹೊತ್ತಿಕೊಳ್ಳುವಂಥದು. ಮಲೆನಾಡಿನಲ್ಲಿ 'ಕೇಪಿನ ಕೋವಿ' ಎಂದು ಕರೆಯುವ ಬಗೆಗೆ ಮೂಲವಾದ ಸಿಡಿಮದ್ದಿನ ತತ್ತ್ವಕ್ಕೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಪೇಟೆಂಟ್ ಪಡೆದದ್ದು 1807ರಲ್ಲಿ. ಆದುದರಿಂದ ಕೇಪಿನ ಲಾಕ್ ಇರುವ ಬಂದೂಕು ಒಂದೋ ನಂತರದ್ದು, ಇಲ್ಲವೇ ಹಳೆಯ ಚಕಮಕಿ ಬಂದೂಕನ್ನು ಮುಂದೆ ಮಾರ್ಪಡಿಸಿದ್ದು. ಎರಡನೆಯದಾದರೆ ಲಾಕಿನ ತಗಡಿನಲ್ಲಿ ಹಳೆಯ ಮದ್ದಿನ ಬಟ್ಟಲು ಮತ್ತು ಸ್ಪ್ರಿಂಗಿನ ತಿರುಪುಗಳಿದ್ದ ತೂತುಗಳನ್ನು ಮುಚ್ಚಿದ ಗುರುತು ಉಳಿದಿರುತ್ತದೆ. ಕೇಪಿನಿಂದ ಚಕಮಕಿಗೆ ಹಿಂದಿರುಗಿಸಿದ ಬಂದೂಕುಗಳೂ ಇರುವುದರಿಂದ, ಬೆಂಕಿ ತಾಗುವ ರಂಧ್ರದ ಸುತ್ತಲಿನ ಲೋಹವನ್ನು ವಿಶೇಷವಾಗಿ ಗಮನಿಸಬೇಕು.

ಕಂಪನಿ ಮುದ್ರೆ: ಈಸ್ಟ್ ಇಂಡಿಯಾ ಕಂಪನಿಯ ಬಂದೂಕುಗಳ ಮೇಲೆ ಮೊದಲು ಹೃದಯಾಕಾರದ ಮುದ್ರೆಯಿತ್ತು, 1808ರಿಂದ ಎದ್ದುನಿಂತ ಸಿಂಹದ ಮುದ್ರೆ ಬಂದಿತು. ಸಿಂಹವಿರುವ ಲಾಕ್ ಟಿಪ್ಪುವಿನ ಕಾಲದ್ದಾಗಿರಲು ಸಾಧ್ಯವಿಲ್ಲ. ಹೃದಯದ ಮುದ್ರೆಯಿದ್ದರೆ ಅಷ್ಟು ಸುಲಭವಾಗಿ ತೀರ್ಮಾನಿಸಲಾಗದು: ಯುದ್ಧದಲ್ಲಿ ವಶಪಡಿಸಿಕೊಂಡ ಬಂದೂಕುಗಳನ್ನು ಎರಡೂ ಪಕ್ಷಗಳು ಬಳಸುತ್ತಿದ್ದವು.

ಮರ: ಲೋಹಕ್ಕಿಂತ ಮರ ಬೇಗ ಕೆಡುವುದರಿಂದ ಹಿಡಿಯನ್ನು ಬದಲಿಸಿರುವುದು ಅಸಹಜವಲ್ಲ. ಲಾಕನ್ನು ಬಿಚ್ಚಿ ನೋಡಿದಾಗ ಮರದ ಕುಳಿ ಲೋಹಕ್ಕೆ ಸರಿಯಾಗಿ ಹೊಂದಬೇಕು. ತೇಪೆ ಅಥವಾ ಹೆಚ್ಚುವರಿ ಕುಳಿಗಳಿದ್ದರೆ ಬೇರೆ ಬಂದೂಕಿನ ಭಾಗವನ್ನು ಜೋಡಿಸಿರುವ ಸಂಭವವಿದೆ. ಕೈಯಿಂದ ಮಾಡಿದ ತಿರುಪುಗಳ ಎಳೆ ಒಂದರಂತೆ ಇನ್ನೊಂದಿರುವುದಿಲ್ಲ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಅವು ಯಂತ್ರದಿಂದ ಬಂದವು.

ಎರಡು ಮೂರು ಅಸಲಿ ಬಂದೂಕುಗಳ ಭಾಗಗಳಿಂದ ಒಂದನ್ನು ಕಟ್ಟುವುದು ನಕಲಿಯ ಅತ್ಯಂತ ಕಠಿಣ ಬಗೆ. ಇಲ್ಲಿ ಪ್ರತಿಯೊಂದು ಭಾಗವೂ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ. ಸುಳ್ಳು ಇರುವುದು ಜೋಡಣೆಯಲ್ಲಿ. ಭಾಗಗಳ ಸವೆತ ಪರಸ್ಪರ ಹೊಂದುತ್ತದೆಯೇ ಎಂದು ಹೋಲಿಸುವುದೇ ಇದಕ್ಕೆ ಉಪಾಯ. ಸೂಕ್ಷ್ಮದರ್ಶಕ, ಕ್ಷಕಿರಣ ಚಿತ್ರ ಮತ್ತು ಲೋಹದ ಘಟಕಗಳನ್ನು ಅಳೆಯುವ ಕ್ಷಕಿರಣ ಪ್ರತಿದೀಪ್ತಿ ವಿಧಾನಗಳು ವಸ್ತುವಿಗೆ ಹಾನಿಯಾಗದಂತೆ ನೆರವಾಗುತ್ತವೆ.

ಒಡೆತನದ ಇತಿಹಾಸ

ವಸ್ತುವಿನ ಲಕ್ಷಣಗಳಷ್ಟೇ ಮುಖ್ಯವಾದುದು ಅದು ಕೈಯಿಂದ ಕೈಗೆ ಸಾಗಿದ ದಾರಿ. ಲಂಡನ್ನಿನ ಬೊನ್ಹಾಮ್ಸ್ ಸಂಸ್ಥೆಯು 2015ರ ಏಪ್ರಿಲ್ 21ರಂದು ವಿಗಿಂಗ್‌ಟನ್ ಸಂಗ್ರಹದ 30 ವಸ್ತುಗಳನ್ನು ಹರಾಜು ಹಾಕಿದಾಗ ಒಟ್ಟು 60 ಲಕ್ಷ ಪೌಂಡಿಗೂ ಹೆಚ್ಚು ಮೊತ್ತ ಬಂದಿತು. 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನ ಮನೆಯೊಂದರ ಅಟ್ಟದಲ್ಲಿ ದೊರೆತ ಆಯುಧಗಳು ಹರಾಜಾದವು. ಕಂಪನಿಯ ಸೇನೆಯಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಅವುಗಳನ್ನು ಶ್ರೀರಂಗಪಟ್ಟಣದಿಂದ ಒಯ್ದಿದ್ದನೆಂದು ಹೇಳಲಾಯಿತು. ಅವುಗಳಲ್ಲಿದ್ದ ಬೆಳ್ಳಿಯ ಕೆಲಸದ ಚಕಮಕಿ ಬಂದೂಕು 60,000 ಪೌಂಡಿಗೆ ಮಾರಾಟವಾಯಿತು. 2023ರ ಮೇ ತಿಂಗಳಲ್ಲಿ, ಪಟ್ಟಣದ ಮೇಲಿನ ದಾಳಿಯನ್ನು ಮುನ್ನಡೆಸಿದ್ದ ಡೇವಿಡ್ ಬೇರ್ಡ್‌ಗೆ ಸೇನೆಯು ಅರ್ಪಿಸಿದ್ದ, ಟಿಪ್ಪುವಿನ ಶಯನಾಗಾರದ ಖಡ್ಗವು 1.4 ಕೋಟಿ ಪೌಂಡಿಗೆ ಹೋಯಿತು.

ಈ ಮೊತ್ತಗಳು ದಾಖಲೆಯ ಬೆಲೆಯನ್ನು ತೋರಿಸುತ್ತವೆ. ಆದರೆ ಕುಟುಂಬದ ಹೇಳಿಕೆಯೊಂದೇ ದಾಖಲೆಯಾಗದು. 1799ರ ನಂತರ ಟಿಪ್ಪುವಿನ ವಸ್ತುವೊಂದನ್ನು ಹೊಂದಿರುವುದು ಬ್ರಿಟನ್ನಿನಲ್ಲಿ ಪ್ರತಿಷ್ಠೆಯ ಸಂಗತಿಯಾಯಿತು. ಸಾಧಾರಣ ಸೈನಿಕನ ಬಂದೂಕೂ ಒಂದೆರಡು ತಲೆಮಾರಿನಲ್ಲಿ ಸುಲ್ತಾನನ ಬಂದೂಕಾಗಬಹುದಿತ್ತು. ಆ ಕಾಲದ ಪತ್ರ, ಉಯಿಲು, ಆಸ್ತಿಪಟ್ಟಿ ಅಥವಾ ಪ್ರದರ್ಶನದ ಪಟ್ಟಿಯಲ್ಲಿ ವಸ್ತುವಿನ ವರ್ಣನೆಯಿದ್ದು, ಅದು ಕೈಯಲ್ಲಿರುವ ವಸ್ತುವಿಗೆ ಹೊಂದಿದಾಗ ಮಾತ್ರ ಸರಪಳಿ ಗಟ್ಟಿಯಾಗುತ್ತದೆ.

ಉತ್ಖನನದಲ್ಲಿ ದೊರೆತ ವಸ್ತುಗಳದು ಬೇರೆಯೇ ಸ್ಥಿತಿ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಪಾಳುಬಾವಿಯಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯವರು 1,000ಕ್ಕೂ ಹೆಚ್ಚು ಕಬ್ಬಿಣದ ಯುದ್ಧ ರಾಕೆಟ್‌ಗಳನ್ನು ಹೊರತೆಗೆದರು. 2002ರಲ್ಲಿ ಅಲ್ಲಿಯೇ ಸುಮಾರು 160 ರಾಕೆಟ್‌ಗಳು ದೊರೆತಿದ್ದವು. ಅವುಗಳ ಮೇಲೆ ಬುಬ್ರಿಯಾಗಲಿ ಚಿನ್ನದ ಕುಸುರಿಯಾಗಲಿ ಇಲ್ಲ. ಆದರೂ ದೊರೆತ ಸ್ಥಳ, ಸಂಖ್ಯೆ ಮತ್ತು ಒಳಗೆ ಉಳಿದ ಮದ್ದು ಅವುಗಳ ಅಸಲಿತನಕ್ಕೆ ಸಾಕ್ಷಿ. ಇವುಗಳನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಯಿತು. ಇಂತಹ ವಸ್ತುವನ್ನು ಯಾರಾದರೂ ರಹಸ್ಯವಾಗಿ ಅಗೆದು ಮಾರಿದರೆ ವಸ್ತು ಉಳಿದರೂ ಅದರ ಸಾಕ್ಷ್ಯ ನಾಶವಾಗುತ್ತದೆ.

ಆಧುನಿಕ ಸ್ನೈಪರ್ ರೈಫಲ್‌ಗಳೊಡನೆ ಹೋಲಿಕೆ

ಎರಡನೆಯ ಮಹಾಯುದ್ಧದ ಸ್ನೈಪರ್ ರೈಫಲ್‌ಗಳ ಸಂಗ್ರಾಹಕರು ಇದೇ ಸಮಸ್ಯೆಯನ್ನು ಇನ್ನೊಂದು ರೂಪದಲ್ಲಿ ಎದುರಿಸುತ್ತಾರೆ. ಬ್ರಿಟಿಷರ ಲೀ-ಎನ್‌ಫೀಲ್ಡ್ ನಂ. 4 (ಟಿ) ರೈಫಲ್ ಇದಕ್ಕೆ ಉತ್ತಮ ನಿದರ್ಶನ. ಗುರಿಯಲ್ಲಿ ನಿಖರವೆಂದು ಕಂಡುಬಂದ ಸಾಮಾನ್ಯ ರೈಫಲ್‌ಗಳನ್ನು ಆರಿಸಿ, ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯು ದೂರದರ್ಶಕವನ್ನು ಕೂರಿಸುವ ಲೋಹದ ಮೆತ್ತೆಗಳನ್ನೂ ಕೆನ್ನೆಗೆ ಆನಿಸುವ ಮರದ ತುಂಡನ್ನೂ ಜೋಡಿಸುತ್ತಿತ್ತು. ಅಸಲಿ ರೈಫಲಿನ ಎಡಬದಿಯಲ್ಲಿ 'ಟಿ' ಮುದ್ರೆಯೂ, ಹಿಡಿಯ ಕೆಳಗೆ ಆ ಸಂಸ್ಥೆಯ 'ಎಸ್ 51' ಸಂಕೇತವೂ ಇರುತ್ತವೆ. ನಂ. 32 ದೂರದರ್ಶಕದ ಸಂಖ್ಯೆಯನ್ನು ಹಿಡಿಯ ಕತ್ತಿನ ಮೇಲೆ, ರೈಫಲಿನ ಸಂಖ್ಯೆಯನ್ನು ದೂರದರ್ಶಕದ ಹಿಡಿಕೆಯ ಮೇಲೆ ಒತ್ತಲಾಗಿರುತ್ತದೆ. ಒಂದು ಭಾಗ ಇನ್ನೊಂದನ್ನು ಹೆಸರಿಸುವ ಈ ವ್ಯವಸ್ಥೆಯಿಂದಾಗಿ ಮೂಲ ಜೋಡಿ ಮುರಿದಿದೆಯೇ ಎಂಬುದು ತಿಳಿಯುತ್ತದೆ.

ಸಾಮಾನ್ಯ ನಂ. 4 ರೈಫಲಿಗೆ ಹೊಸ ಮೆತ್ತೆಗಳನ್ನು ತಿರುಪಿ, 'ಟಿ' ಒತ್ತಿ ಮಾರುವುದು ಇಲ್ಲಿನ ನಕಲಿ. ಸಾಧಾರಣ ಬಂದೂಕಿಗೆ ಹುಲಿಪಟ್ಟೆ ಕೆತ್ತುವುದಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಆದರೆ ಪರಸ್ಪರ ಸಂಖ್ಯೆ ಬರೆಯುವ ಇಂತಹ ವ್ಯವಸ್ಥೆಯ ನೆರವು ಮೈಸೂರಿನ ಬಂದೂಕುಗಳ ಪರೀಕ್ಷಕನಿಗೆ ಇಲ್ಲದಿರುವುದರಿಂದ, ಸವೆತ ಮತ್ತು ಹೊಂದಾಣಿಕೆಯ ಮೇಲೆ ಅವನು ಹೆಚ್ಚು ಅವಲಂಬಿಸಬೇಕಾಗುತ್ತದೆ.

ಮನೆತನದ ಕೋವಿಗಳು ಮತ್ತು ಕಾನೂನು

ಕರ್ನಾಟಕದ ಹಳೆಯ ಮನೆಗಳಲ್ಲಿ ಪುರಾತನ ಕೋವಿಗಳು ಪೂಜಾವಸ್ತುಗಳಾಗಿ ಉಳಿದಿವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು 'ತೋಕ್ ಪೂ'ವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಇಂತಹ ಕೋವಿಗಳ ವಿಷಯದಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ನಳಿಕೆಯಲ್ಲಿ ಹಳೆಯ ಮದ್ದುಗುಂಡು ಉಳಿದಿರಬಹುದು. ಗಜಕೋಲನ್ನು ಒಳಗೆ ಇಳಿಸಿದಾಗ ಅದು ನಳಿಕೆಯ ಹಿಂಭಾಗದವರೆಗೆ ತಲುಪದಿದ್ದರೆ ಕೋವಿ ತುಂಬಿದೆ ಎಂದೇ ತಿಳಿದು ಪರಿಣತರನ್ನು ಕರೆಯಬೇಕು. ಎರಡನೆಯದಾಗಿ, ಹಳೆಯ ನಳಿಕೆಯಿಂದ ಗುಂಡು ಹಾರಿಸಿ ಪರೀಕ್ಷಿಸಬಾರದು. ಮೂರನೆಯದಾಗಿ, ಹಬ್ಬಕ್ಕೆಂದು ಮರಳುಕಾಗದದಿಂದ ಉಜ್ಜಿ ಹೊಳಪು ಮಾಡಿದರೆ ಮುದ್ರೆ, ಬರಹ ಹಾಗೂ ಹಳತನದ ಪೊರೆ ಒಟ್ಟಿಗೇ ಅಳಿಸಿಹೋಗುತ್ತವೆ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕು ಹೊಂದುವುದನ್ನು ನಿಯಂತ್ರಿಸುತ್ತದೆ. ದುರಸ್ತಿ ಮಾಡಿದರೂ ಬಳಸಲಾಗದ ಪುರಾತನ ಆಯುಧಗಳಿಗೆ ಅದರಲ್ಲಿ ವಿನಾಯಿತಿಯಿದೆ. ಬಳಸಬಹುದಾದ ಕೋವಿಗೆ ಹಳೆಯದೆಂಬ ಕಾರಣದಿಂದಲೇ ಈ ವಿನಾಯಿತಿ ದೊರೆಯದು. ನೂರು ವರ್ಷಗಳಿಗೂ ಹಳೆಯದಾದ ಐತಿಹಾಸಿಕ ವಸ್ತುಗಳು 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ತೀರ್ಮಾನದ ಮಿತಿಗಳು

ಅಸಲಿತನದ ಪರೀಕ್ಷೆಯು ನಕಲಿಯನ್ನು ಖಚಿತವಾಗಿ ತಳ್ಳಿಹಾಕಬಲ್ಲದು. ಅಸಲಿಯನ್ನು ಮಾತ್ರ ಹಂತ ಹಂತವಾಗಿ ಬಲಪಡಿಸಬಲ್ಲದು. 1808ರ ನಂತರದ ಒಂದು ಮುದ್ರೆ ಇಡೀ ಹೇಳಿಕೆಯನ್ನು ಕೆಡವಲು ಸಾಕು. ಆದರೆ ಶಕೆ, ಸ್ಥಳನಾಮ, ಮುದ್ರೆ, ಸವೆತ ಎಲ್ಲವೂ ಹೊಂದಿದರೂ ಅದರಿಂದ ಸಿದ್ಧವಾಗುವುದು ಬಂದೂಕು ಮೈಸೂರಿನ ಆಯುಧಶಾಲೆಯದು ಎಂಬಷ್ಟೇ. ಅದು ಸುಲ್ತಾನನ ಕೈಯಲ್ಲಿತ್ತೇ ಎಂಬ ಪ್ರಶ್ನೆಗೆ ಉತ್ತರವನ್ನು ಕಾಗದಪತ್ರಗಳಲ್ಲಿಯೇ ಹುಡುಕಬೇಕಾಗುತ್ತದೆ.

ಇವನ್ನೂ ನೋಡಿ

- ಬನ್ನಿಮಂಟಪ
- ಮೈಸೂರು ದಸರಾ
- ಟಿಪ್ಪು ಸುಲ್ತಾನ್
- ಶ್ರೀರಂಗಪಟ್ಟಣ
- ಮೈಸೂರು ರಾಕೆಟ್‌ಗಳು
- ಆಯುಧಪೂಜೆ